ದಕ್ಷಿಣೆಯೂ ದಾಕ್ಷಿಣ್ಯವೂ

ಹಣ ಕೊಟ್ಟವನು ಅಪ್ಪಣೆ ಮಾಡುವನು, ಹಣ ಪಡೆದವನು ಅದನ್ನು ನಡೆಸಿಕೊಡುವನು. ಇದು ಪೇಟೆಯ ನ್ಯಾಯ. ನಿಪಾಣಿಯ ತಂಬಾಕಿನ ವಖಾರಿಯಿಂದ ಮೊದಲುಮಾಡಿ ಸದಲಗಾದ ಕಬ್ಬಿನ ಹೊಲದವರೆಗೆ ವ್ಯವಹಾರವೆಲ್ಲ ಈ ನ್ಯಾಯದ ಮೇಲೆಯೇ ನಿಂತಿರುವದು. ಆದರೆ ಹಣ ಕೊಟ್ಟವನೇ ಹಣ ಪಡೆದವನ ಮಾತಿಗೆ ತಲೆಬಾಗಬೇಕಾದ ಕೆಲವು ಎಡೆಗಳೂ ಲೋಕದಲ್ಲುಂಟು. ವೈದ್ಯನ ಮುಂದೆ ರೋಗಿಯ ಸ್ಥಿತಿ ಅಂಥದು. ಹಿಂದೆ ಶ್ರಾವಣದ ಮಳೆಗೆ ದೂಧಗಂಗೆಯು ದಂಡೆ ಮೀರಿ ಹರಿಯುವಾಗ “ಇಂದು ದೋಣಿ ಬಿಡುವದಿಲ್ಲ” ಎಂದು ಅಂಬಿಗನು ಹೇಳಿದರೆ, ಕೂಲಿಯನ್ನು ಮುಂಗಡವಾಗಿ ಎಣಿಸಿಕೊಟ್ಟ ಸಾಹುಕಾರನೂ ದಂಡೆಯ ಮೇಲೆ ಸುಮ್ಮನೆ ಕೂಡ್ರಬೇಕಾಗಿತ್ತು. ಹಿಮಾಲಯದ ಎತ್ತರದ ಶಿಖರವೊಂದನ್ನು, ವೇತನ ಕೊಟ್ಟು ಕರೆದುಕೊಂಡ ಮಾರ್ಗದರ್ಶಕನ ಬೆನ್ನು ಹಿಡಿದು, ಮೊದಲ ಸಲ ಏರಲು ಹೊರಡುವವನ ಸಂಬಂಧವು ಇವೆರಡಕ್ಕಿಂತಲೂ ವಿಲಕ್ಷಣವಾದುದು. ಕೆಳಗೆ ಅವನು ಯಜಮಾನನು. ಮೇಲೆ ಅವನೇ ಶಿಷ್ಯನು. ಈ ತಿರುವು ದಾರಿಯಲ್ಲಿ ಯಾವ ಕಲ್ಲಿನ ಬಳಿ ಆಗುವದೆಂಬದನ್ನು ಯಾರೂ ಗುರುತುಮಾಡಿ ಇಟ್ಟಿಲ್ಲ. ಅಂಥ ಪ್ರಯಾಣಕ್ಕೆ ಸಿದ್ಧನಾಗುವದೆಂದರೆ ಏನು ಎಂಬದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಪ್ರಶ್ನೆಯು ದೂರದ್ದೆಂದು ವಾಚಕರು ಭಾವಿಸಬಾರದು. ಪರ್ವತಾರೋಹಣವು ಇಂದು ಸೈನಿಕರ ಮತ್ತು ಪರದೇಶದ ಸಿರಿವಂತರ ಸ್ವತ್ತಾಗಿ ಉಳಿದಿಲ್ಲ. ಮನಾಲಿಯ ಮೇಲಣ ಫ್ರೆಂಡ್‌ಶಿಪ್ ಎಂಬ 5,289 ಮೀಟರಿನ ಶಿಖರಕ್ಕೆ, ಲಡಾಖದ ಕಾಂಗ್ ಯಾತ್ಸೆಯ 6,250 ಮೀಟರಿನ ಶಿಖರಕ್ಕೆ, ಅಂಗಡಿಯಲ್ಲಿ ಲೆಕ್ಕ ಬರೆಯುವವರೂ ಶಾಲೆಯಲ್ಲಿ ಪಾಠ ಹೇಳುವವರೂ ರಜೆಯನ್ನು ಕೂಡಿಸಿಕೊಂಡು ಹೋಗುತ್ತಿರುವರು. ಮಾರ್ಗದರ್ಶಕ, ಡೇರೆ, ಹಗ್ಗ, ಅನ್ನ ಎಲ್ಲವೂ ಒಂದೇ ಮೊತ್ತದಲ್ಲಿ ಸಿಕ್ಕುವವು. ಸದಲಗಾ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಕಡಿಮೆ ಎತ್ತರದಲ್ಲಿರುವ ಊರು. ಸುತ್ತಲೂ ಕಬ್ಬಿನ ಹಸುರು, ನಡುವೆ ನದಿ. ಇಂಥ ಊರಿನ ತರುಣನೊಬ್ಬನು ಐದು ಸಾವಿರ ಮೀಟರಿನ ಕನಸು ಕಂಡರೆ ಇಂದು ಯಾರೂ ನಗುವದಿಲ್ಲ. ನಗಲೂಬಾರದು.

ಶರೀರದ ಸಿದ್ಧತೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಪಂಢರಪುರದ ದಿಂಡಿಯ ಸಂಗಡ ಹೋಗುವವರು, ಚಿಂಚಲಿಯ ಮಾಯಕ್ಕನ ಜಾತ್ರೆಗೆ ಕಾಲ್ನಡಿಗೆಯಿಂದ ಸಾಗುವವರು ಇರುವ ಈ ಸೀಮೆಗೆ ನಡಿಗೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಐದಾರು ತಿಂಗಳು ಮೊದಲೇ ಬೆನ್ನಿಗೆ ಹತ್ತು ಹನ್ನೆರಡು ಕಿಲೋ ಭಾರ ಕಟ್ಟಿಕೊಂಡು ನದಿಯ ಏರಿಯ ಮೇಲೆ ನಡೆಯಬೇಕು. ವಾರಕ್ಕೊಮ್ಮೆಯಾದರೂ ಜೋತಿಬಾನ ಗುಡ್ಡವನ್ನೋ ಪನ್ಹಾಳದ ಏರನ್ನೋ ಹತ್ತಬೇಕು. ಹತ್ತುವದಕ್ಕಿಂತ ಇಳಿಯುವದನ್ನು ಹೆಚ್ಚು ಲಕ್ಷ್ಯಕೊಟ್ಟು ಅಭ್ಯಾಸಮಾಡಬೇಕು, ಏಕೆಂದರೆ ಮೊಳಕಾಲು ಸೋಲುವದು ಇಳಿತದಲ್ಲಿ. ಬೂಟುಗಳನ್ನು ಹೊರಡುವ ವಾರದಲ್ಲಿ ಕೊಂಡುಕೊಂಡವನ ಹಿಮ್ಮಡಿ ಎರಡನೆಯ ದಿನವೇ ಬೊಬ್ಬೆ ಏಳುವದು. ಇಷ್ಟು ಶ್ರದ್ಧೆಯುಳ್ಳವನ ಕಾಲುಗಳು ಸಿದ್ಧವಾಗುವವು.

ಪುಪ್ಪುಸದ ಮಾತು ಬೇರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಕೆಳಗೂ ಮೇಲೂ ನೂರಕ್ಕೆ 21ರಷ್ಟೇ. ಏರಿದಂತೆ ಕುಗ್ಗುವದು ಗಾಳಿಯ ಒತ್ತಡ. ಐದೂವರೆ ಸಾವಿರ ಮೀಟರಿನ ಮೇಲೆ ಅದು ಕಡಲತೀರದಲ್ಲಿರುವದರ ಅರ್ಧದಷ್ಟಾಗುವದು. ಅಂದರೆ ಒಂದು ಉಸುರಿಗೆ ಅರ್ಧ ಉಸುರಿನ ಫಲ. ದೇಹವು ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ತನ್ನ ವೇಗದಲ್ಲಿ. ಆದುದರಿಂದಲೇ ಮೂರು ಸಾವಿರ ಮೀಟರಿನ ಮೇಲೆ, ಮಲಗುವ ಎಡೆಯನ್ನು ದಿನಕ್ಕೆ ಐದುನೂರು ಮೀಟರಿಗಿಂತ ಹೆಚ್ಚು ಏರಿಸಬಾರದೆಂದೂ, ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲಿಯೇ ನಿಂತು ವಿಶ್ರಮಿಸಬೇಕೆಂದೂ ವೈದ್ಯರು ಕಟ್ಟಳೆ ಮಾಡಿರುವರು. ಈ ಹೊಂದಾಣಿಕೆಯನ್ನು ಸದಲಗಾದಲ್ಲಿ ಗಳಿಸಿ ಗಂಟು ಕಟ್ಟಿಕೊಂಡು ಹೋಗುವ ಉಪಾಯವಿಲ್ಲ. ಕಬ್ಬಿನ ಗಾಡಿಯನ್ನು ಹೆಗಲುಕೊಟ್ಟು ಎತ್ತಬಲ್ಲ ಜಟ್ಟಿಯು ಅಲ್ಲಿ ತಲೆನೋವಿನಿಂದ ಮಲಗಿಬಿಡಬಹುದು. ಅವನ ಸೋದರಮಾವನು, ಐವತ್ತು ದಾಟಿದ ಸಣಕಲು ಮೈಯವನು, ಚಹ ಕುಡಿಯುತ್ತ ಕೂತಿರಬಹುದು. 1962ರ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಸೈನಿಕರನ್ನು ಅವಸರದಿಂದ ಎತ್ತರದ ಗಡಿಗೆ ಒಯ್ಯಬೇಕಾಗಿ ಬಂದಾಗ ನಮ್ಮ ಸೇನಾವೈದ್ಯರು ಈ ಬೇನೆಯನ್ನು ಕಣ್ಣಾರೆ ಕಂಡರು. 1,925 ಸೈನಿಕರನ್ನು ಕುರಿತು ಅವರು ಬರೆದು 1969ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಲೋಕದ ವೈದ್ಯರು ಇಂದಿಗೂ ಓದುವರು. ಒಂದೇ ಅನ್ನ ಉಂಡು ಒಂದೇ ಕವಾಯತು ಮಾಡಿದವರಲ್ಲಿಯೂ ಇದು ಒಬ್ಬನನ್ನು ಹಿಡಿದು ಇನ್ನೊಬ್ಬನನ್ನು ಬಿಡುವದು.

ಇಲ್ಲಿ ಒಂದು ಹಳೆಯ ಸಂಸ್ಕಾರವನ್ನು ತೊರೆಯಬೇಕಾಗುವದು. ಮಹಾಭಾರತದ ಮಹಾಪ್ರಸ್ಥಾನದಲ್ಲಿ ಪಾಂಡವರು ಹಿಮವಂತನನ್ನು ದಾಟಿ ನಡೆಯುವರು. ದ್ರೌಪದಿಯು ಮೊದಲು ಬೀಳುವಳು, ಆಮೇಲೆ ತಮ್ಮಂದಿರು ಒಬ್ಬೊಬ್ಬರಾಗಿ. ಪ್ರತಿಯೊಬ್ಬರು ಬಿದ್ದಾಗಲೂ ಭೀಮನು ಕಾರಣವನ್ನು ಕೇಳುವನು, ಧರ್ಮರಾಜನು ಬಿದ್ದವರ ದೋಷವನ್ನು ಹೇಳುವನು. ಆ ಕಥೆಯ ಪ್ರಯೋಜನವೇ ಬೇರೆ. ಅದು ಮರಳಿ ಬರಲಾರದ, ಬರಬಾರದ ಪ್ರಯಾಣ. ಆದರೆ ಪರ್ವತದಲ್ಲಿ ಬಿದ್ದವನಲ್ಲಿ ದೋಷವಿದ್ದೇ ಇರಬೇಕೆಂಬ ಭಾವನೆಯು ಆ ಕಥೆಯಿಂದಲೋ ಮನುಷ್ಯಸ್ವಭಾವದಿಂದಲೋ ನಮ್ಮಲ್ಲಿ ಬೇರೂರಿದೆ. 2024ನೆಯ ಜೂನ್ ತಿಂಗಳ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲದ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡವೊಂದು ಮರಳುವ ದಾರಿಯಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿತು. ಸ್ಥಳದ ಮಾರ್ಗದರ್ಶಕರನ್ನೂ ಕೂಡಿಸಿ 22 ಜನರಿದ್ದ ತಂಡದಲ್ಲಿ 9 ಜನರು ಅಸುನೀಗಿದರು. ಉಳಿದವರನ್ನು ಸರಕಾರದ ರಕ್ಷಣಾದಳದವರೂ ವಾಯುಸೇನೆಯವರೂ ಕೆಳಗಿಳಿಸಿದರು. ಆ ದಿನಗಳಲ್ಲಿ ಚಹದ ಅಂಗಡಿಗಳಲ್ಲಿ ಕೇಳಬಂದ ಮಾತು ಒಂದೇ: ಯಾರ ತಪ್ಪು? ವಯಸ್ಸಾದವರು ಏಕೆ ಹೋಗಬೇಕಿತ್ತು? ಅದಕ್ಕೂ ಎರಡು ವರ್ಷ ಮೊದಲು, 2022ರ ಅಕ್ಟೋಬರ್ 4ರಂದು, ಅದೇ ಉತ್ತರಕಾಶಿ ಜಿಲ್ಲೆಯ ದ್ರೌಪದೀ ಕಾ ದಾಂಡಾ ಶಿಖರದಲ್ಲಿ ಹಿಮಪಾತವಾದಾಗ ಮಡಿದವರು ಪರ್ವತಾರೋಹಣದ ಶಿಕ್ಷಣವನ್ನೇ ಪಡೆಯುತ್ತಿದ್ದ ತರುಣರು ಮತ್ತು ಅವರಿಗೆ ಕಲಿಸುತ್ತಿದ್ದವರು. ಹಿಮವು ವಯಸ್ಸನ್ನಾಗಲಿ ವಿದ್ಯೆಯನ್ನಾಗಲಿ ಕೇಳುವದಿಲ್ಲ. ಸತ್ತವರ ಮೇಲೆ ದೋಷವನ್ನು ಹೇರುವ ನಾಲಗೆಗೆ ಒಂದು ಗುಪ್ತ ಲಾಭವುಂಟು: “ನಮ್ಮಲ್ಲಿ ಆ ದೋಷವಿಲ್ಲ, ಆದುದರಿಂದ ನಮಗೆ ಹಾಗಾಗದು” ಎಂಬ ಸಮಾಧಾನ. ಹೊರಡುವವನು ಈ ಸಮಾಧಾನವನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು.

ಹಾಗಾದರೆ ಮನುಷ್ಯನ ಕೈಯಲ್ಲಿರುವದು ಏನು? ನಿಲ್ಲುವದು ಮತ್ತು ಮರಳುವದು. ಆದರೆ ಇದರಲ್ಲಿಯೇ ತೊಡಕಿರುವದು. ಎತ್ತರದ ಬೇನೆಯು ಮೊದಲು ತಲೆನೋವು, ವಾಕರಿಕೆ, ನಿದ್ರೆಗೇಡು ಎಂದು ಬರುವದು. ಮುಂದೆ ಮಿದುಳು ಬಾತುಕೊಂಡರೆ ಕಾಲು ತೊಡರುವದು, ಮಾತು ತೊದಲುವದು. ಆದರೂ ಆ ಮನುಷ್ಯನು “ನನಗೇನೂ ಆಗಿಲ್ಲ, ನಡೆಯಿರಿ” ಎನ್ನುವನು. ನೆಲದ ಮೇಲೆ ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ಹೆಜ್ಜೆಯಿಟ್ಟು ನಡೆಯಹೇಳಿದರೆ ಅವನು ಓಲಾಡುವನು. ನೋಡಿದವರಿಗೆ ತಿಳಿಯುವದು, ಅವನಿಗೆ ತಿಳಿಯದು. ಕೂಡಲೇ ಕೆಳಗಿಳಿಸುವದೊಂದೇ ನಂಬಬಹುದಾದ ಔಷಧ. ನ್ಯಾಯಾಧೀಶನೇ ರೋಗಿಯಾದ ಈ ಕಚೇರಿಯಲ್ಲಿ ತೀರ್ಪು ಕೊಡುವವರು ಯಾರು? ತೀರ್ಪನ್ನು ಮೊದಲೇ ಬೇರೊಬ್ಬನ ಕೈಗೆ ಒಪ್ಪಿಸದೆ ಗತಿಯಿಲ್ಲ. ಅದಕ್ಕೇ ಮಾರ್ಗದರ್ಶಕ. ದಾರಿ ತೋರಿಸುವದು ಅವನ ಸಣ್ಣ ಕೆಲಸ.

ಶ್ರೌತಕರ್ಮಗಳಲ್ಲಿ ಇದಕ್ಕೆ ಸರಿದೋರುವ ಒಂದು ಏರ್ಪಾಡು ಇರುವದು. ಯಜ್ಞವನ್ನು ಮಾಡಿಸುವ ಯಜಮಾನನು ಋತ್ವಿಜರನ್ನು ವರಿಸುವನು, ಅವರಿಗೆ ದಕ್ಷಿಣೆ ಕೊಡುವನು. ಕರ್ಮದ ಫಲವು ಯಜಮಾನನಿಗೆ, ಶ್ರಮವು ಋತ್ವಿಜರಿಗೆ. ಹಾಗಿದ್ದರೂ ವೇದಿಯ ಬಳಿ ಯಜಮಾನನು ತನ್ನ ಇಚ್ಛೆಯಂತೆ ಕೂಡ್ರಲಾರ, ಏಳಲಾರ. ಋತ್ವಿಜರಲ್ಲಿ ಬ್ರಹ್ಮನೆಂಬವನು ಹೆಚ್ಚಾಗಿ ಸುಮ್ಮನೆ ಕೂತು, ಕರ್ಮದಲ್ಲಿ ಲೋಪವಾಗುವದೋ ಎಂದು ನೋಡುತ್ತಿರುವನು. ಆದರೆ ಅವನು ತಡೆದರೆ ತಡೆದಂತೆಯೇ. ದಕ್ಷಿಣೆಯನ್ನು ಕೊಟ್ಟವನೆಂದು ಯಜಮಾನನು ಅಲ್ಲಿ ವಾದಿಸುವಂತಿಲ್ಲ. ದಕ್ಷಿಣೆಯು ಅವರ ಶ್ರಮಕ್ಕೆ ಸಂದಿತು, ಅವರ ವಿವೇಕಕ್ಕೆ ಬೆಲೆಯಾಗಿ ಅಲ್ಲ. ಪರ್ವತದಲ್ಲಿಯೂ ಹೀಗೆಯೇ: ಶಿಖರದ ಮೇಲೆ ತೆಗೆದ ಚಿತ್ರವು ಏರಿದವನ ಮನೆಯ ಗೋಡೆಯ ಮೇಲೆ ತೂಗುವದು, ಹಿಮದಲ್ಲಿ ಮೆಟ್ಟಿಲು ಕಡಿದವನ ಹೆಸರು ಮನೆಯವರಿಗೆ ಗೊತ್ತಿರುವದಿಲ್ಲ. ಒಂದು ಭೇದವನ್ನು ಮಾತ್ರ ಮರೆಯಲಾಗದು. ಋತ್ವಿಜನು ವೇದಿಯ ಬಳಿ ಪ್ರಾಣವನ್ನು ಒತ್ತೆಯಿಡುವದಿಲ್ಲ.

ಇನ್ನು ದಾಕ್ಷಿಣ್ಯ. ದಕ್ಷಿಣೆ, ದಾಕ್ಷಿಣ್ಯ ಎರಡಕ್ಕೂ ಮೂಲ ಒಂದೇ ಶಬ್ದ. ಸಂಸ್ಕೃತದಲ್ಲಿ ದಾಕ್ಷಿಣ್ಯವೆಂದರೆ ಸೌಜನ್ಯ, ಪರರ ಮನವರಿತು ನಡೆಯುವದು. ಕನ್ನಡಿಗರ ಬಾಯಲ್ಲಿ ಅದಕ್ಕೆ ಇನ್ನೊಂದು ಛಾಯೆ ಕೂಡಿತು: ಇಲ್ಲವೆನ್ನಬೇಕಾದಲ್ಲಿ ಇಲ್ಲವೆನ್ನಲಾರದ ಸಂಕೋಚ. ಈ ಛಾಯೆಯನ್ನು ಕೂಡಿಸಿದ ನಮ್ಮ ಹಿರಿಯರು ಲೋಕವನ್ನು ಚೆನ್ನಾಗಿ ಕಂಡವರಾಗಿರಬೇಕು. ಪರ್ವತದಲ್ಲಿ ಹಿಮಕ್ಕಿಂತ ಅಂಜಬೇಕಾದುದು ಇದಕ್ಕೆ.

1996ನೆಯ ಮೇ 10ರಂದು ಎವರೆಸ್ಟಿನಲ್ಲಿ ನಡೆದುದನ್ನು ಈ ದೃಷ್ಟಿಯಿಂದ ನೋಡಬೇಕು. ನ್ಯೂಝೀಲಂಡಿನ ರಾಬ್ ಹಾಲ್ ಎಂಬವನು ವೇತನ ಪಡೆದು ಜನರನ್ನು ಶಿಖರಕ್ಕೆ ಒಯ್ಯುವವರಲ್ಲಿ ಅತ್ಯಂತ ಜಾಗರೂಕನೆಂದು ಹೆಸರಾಗಿದ್ದನು. ಮಧ್ಯಾಹ್ನದ ಒಂದು ಅಥವಾ ಎರಡು ಗಂಟೆ ಮೀರಿದರೆ, ಶಿಖರವು ಕೈಗೆಟಕುವಂತಿದ್ದರೂ ಮರಳಬೇಕೆಂಬ ಮಾತು ಮೊದಲೇ ಆಡಿದುದಾಗಿತ್ತು. ಹಿಂದಿನ ವರ್ಷ, 1995ರಲ್ಲಿ, ಶಿಖರಕ್ಕೆ ಸುಮಾರು ನೂರು ಮೀಟರು ಕೆಳಗೆ ಹೊತ್ತು ಮೀರಿತೆಂದು ಅವನು ತನ್ನವರನ್ನು ಹಿಂದಿರುಗಿಸಿದ್ದನು. ಹಾಗೆ ಹಿಂದಿರುಗಿದವರಲ್ಲಿ ಅಮೇರಿಕೆಯ ಅಂಚೆಯ ನೌಕರನೊಬ್ಬನಿದ್ದನು. ಸಿರಿವಂತನಲ್ಲ, ದುಡಿದು ಕೂಡಿಟ್ಟ ಹಣದಿಂದ ಬಂದವನು. ಇನ್ನೊಮ್ಮೆ ಬಾ ಎಂದು ಹಾಲನೇ ಅವನನ್ನು ಒತ್ತಾಯಪಡಿಸಿ, ವೇತನದಲ್ಲಿ ಕಡಿಮೆಮಾಡಿ, ಮರುವರ್ಷ ಕರೆದುತಂದನು. ಆ ದಿನ ಆ ನೌಕರನು ಶಿಖರವನ್ನು ಮುಟ್ಟಿದುದು ನಾಲ್ಕು ಗಂಟೆಯ ಮೇಲೆ. ಹಾಲನು ಅವನಿಗಾಗಿ ಮೇಲೆ ಕಾದು ನಿಂತಿದ್ದನು. ಸಂಜೆಗೆ ಬಿರುಗಾಳಿ ಎದ್ದಿತು. ಇಬ್ಬರೂ ಮರಳಲಿಲ್ಲ. ಹಾಲನು ಆ ರಾತ್ರಿಯನ್ನು ಹಿಮದಲ್ಲಿ ಕಳೆದು, ಮರುದಿನ ಯಂತ್ರದ ಮೂಲಕ ದೂರದ ಊರಿನಲ್ಲಿದ್ದ ಗರ್ಭಿಣಿಯಾದ ಹೆಂಡತಿಯೊಡನೆ ಮಾತಾಡಿ, ಅಲ್ಲಿಯೇ ತೀರಿಕೊಂಡನು. ಆ ಬಿರುಗಾಳಿಯಲ್ಲಿ ಪರ್ವತದ ಎರಡು ಮಗ್ಗುಲುಗಳಲ್ಲಿ ಕೂಡಿ ಎಂಟು ಜನ ಸತ್ತರು. ಅವರಲ್ಲಿ ಇನ್ನೊಂದು ತಂಡದ ನಾಯಕನಾದ ಸ್ಕಾಟ್ ಫಿಶರನೂ, ಭಾರತ-ಟಿಬೆಟ್ ಗಡಿ ಪೊಲೀಸ್ ದಳದ ಮೂವರೂ ಇದ್ದರು.

ಹಾಲನ ಅಂತಃಕರಣದಲ್ಲಿ ಆ ಹೊತ್ತಿಗೆ ಏನು ನಡೆಯಿತೆಂಬದನ್ನು ಯಾರೂ ಬಲ್ಲವರಿಲ್ಲ. ಆದರೆ ಅವನು ಸಿಕ್ಕಿಕೊಂಡ ಸ್ಥಿತಿಯನ್ನು ಊಹಿಸುವದು ಕಷ್ಟವಲ್ಲ. ಲೋಭಿಯಾದವನು ಹಣಕ್ಕಾಗಿ ಹಾಗೆ ಮಾಡಿದ್ದರೆ ವಿಚಾರವು ಸರಳವಾಗುತ್ತಿತ್ತು. ಇಲ್ಲಿಯದು ಕರುಣೆಗೆ ಹತ್ತಿರವಾದ ವಸ್ತು. ಒಮ್ಮೆ ಇಲ್ಲವೆಂದವನಿಗೆ ಎರಡನೆಯ ಸಲ, ಅದೇ ಮನುಷ್ಯನಿಗೆ, ಅದೇ ನೂರು ಮೀಟರಿನ ಕೆಳಗೆ ನಿಂತು ಇಲ್ಲವೆನ್ನುವದು ಎಷ್ಟು ಭಾರ! ಆ ಭಾರವನ್ನು ಮಾರ್ಗದರ್ಶಕನ ಮೇಲೆ ಹೊರಿಸಿದವರು ಯಾರು? ಏರಹೋದವನು ಬಾಯಿಬಿಟ್ಟು ಒಂದು ಮಾತನ್ನೂ ಆಡದೆ ಇದ್ದಿರಬಹುದು. ಅವನ ಕಣ್ಣು ಸಾಕು, ಅವನು ಕೂಡಿಟ್ಟ ಹಣದ ಕಥೆ ಸಾಕು.

ಆದುದರಿಂದ ಮೊದಲ ಸಲ ಹೋಗುವವನ ನಿಜವಾದ ಸಿದ್ಧತೆಯು ಇದು: ತನ್ನ ವಿಷಯದಲ್ಲಿ ಮಾರ್ಗದರ್ಶಕನನ್ನು ದಾಕ್ಷಿಣ್ಯದಿಂದ ಬಿಡುಗಡೆ ಮಾಡುವದು. ಇದನ್ನು ಮೇಲೆ ಮಾಡಲಾಗದು. ಕೆಳಗೆ, ಹೊಟ್ಟೆ ತುಂಬಿ ಉಸುರು ನಿರಾಳವಾಗಿರುವಾಗ, ನಾಲ್ವರ ಮುಂದೆ, ಬಾಯಿಬಿಟ್ಟು ಹೇಳಬೇಕು: “ನೀವು ಮರಳೆಂದರೆ ಮರಳುವೆನು. ಆಗ ನಾನು ಅಳಬಹುದು, ಬೈಯಬಹುದು, ಹಣದ ಮಾತು ತೆಗೆಯಬಹುದು. ಅದು ನನ್ನ ಮಾತಲ್ಲವೆಂದು ತಿಳಿಯಿರಿ.”

ಸದಲಗಾದಂಥ ಊರಿಗೆ ಈ ನಿಯಮದ ಸ್ವರೂಪವನ್ನು ವಿವರಿಸುವದು ಸುಲಭ. ಇಲ್ಲಿಯ ಎಷ್ಟೋ ಜೈನ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವದಿಲ್ಲ. ಹೊಲದಿಂದ ಬರುವದು ತಡವಾಯಿತು, ಬಸ್ಸು ಕೆಟ್ಟುನಿಂತಿತು, ಹಸಿವು ಬಹಳವಾಯಿತು. ಸೂರ್ಯನು ಮುಳುಗಿದ್ದರೆ ತಾಟು ಹಾಕುವದಿಲ್ಲ. ಆ ಹೊತ್ತಿನಲ್ಲಿ ಹಸಿವಿನ ಅಭಿಪ್ರಾಯವನ್ನು ಯಾರೂ ಕೇಳುವದಿಲ್ಲ, ಏಕೆಂದರೆ ವ್ರತವನ್ನು ತೆಗೆದುಕೊಂಡುದು ಹಸಿವಿಲ್ಲದಾಗ. “ಇನ್ನು ಹತ್ತೇ ನಿಮಿಷ, ಬೆಳಕು ಇನ್ನೂ ಇದೆಯಲ್ಲ” ಎಂದು ವಾದಿಸುವ ಮಗನಿಗೆ ಅಜ್ಜಿಯು ಏನು ಹೇಳುವಳೆಂಬದು ಇಲ್ಲಿಯ ಮಕ್ಕಳಿಗೆಲ್ಲ ಗೊತ್ತು. ಮರಳುವ ವೇಳೆಯೂ ಇಂಥದೇ. ಹತ್ತು ನಿಮಿಷದ ದಾರಿ ಉಳಿದಿದೆಯೆಂಬದು ಅಲ್ಲಿ ವಾದವೇ ಅಲ್ಲ.

ಈ ವ್ರತಕ್ಕೆ ಸತ್ಯವು ಅಂಗ. ಬೆಳಿಗ್ಗೆ ಡೇರೆಯ ಬಾಗಿಲಲ್ಲಿ ಮಾರ್ಗದರ್ಶಕನು “ತಲೆನೋವಿದೆಯೇ? ನಿದ್ರೆ ಬಂದಿತೇ?” ಎಂದು ಕೇಳುವನು. ಸಂಗಡಿಗರೆಲ್ಲ ಇಲ್ಲವೆಂದರೆ ತಾನೂ ಇಲ್ಲವೆನ್ನುವದು, ರಾತ್ರಿ ವಾಂತಿಯಾದುದನ್ನು ಮುಚ್ಚಿಡುವದು, ಗುಳಿಗೆ ನುಂಗಿ ನಗುವದು — ಊರಲ್ಲಿ ಇಂಥ ಸುಳ್ಳಿಗೆ ಧೈರ್ಯವೆಂದು ಹೆಸರು. ಅಲ್ಲಿ ಅದು ಕುರುಡನಿಗೆ ತಪ್ಪುದಾರಿ ಹೇಳಿದಂತೆ. ಮಾರ್ಗದರ್ಶಕನಿಗೆ ಹೊರಗಣ್ಣು ಮಾತ್ರ ಉಂಟು, ಒಳಗಣ್ಣಾಗಬೇಕಾದವನು ಏರುವವನೇ. ಇದನ್ನೂ ಮನೆಯಲ್ಲಿಯೇ ಅಭ್ಯಾಸಮಾಡಬೇಕು. ಜ್ವರವನ್ನು ಜ್ವರವೆಂದು ಹೇಳಿಕೊಳ್ಳಲು ನಾಚುವ ಗಂಡಸರು ನಮ್ಮಲ್ಲಿ ಬಹಳ.

ಇಲ್ಲಿ ಪೂರ್ವಪಕ್ಷವೊಂದು ಏಳುವದು. “ಜೀವವು ಏರುವವನದು, ಅದನ್ನು ಪಣಕ್ಕಿಡುವ ಹಕ್ಕೂ ಅವನದೇ. ಮಾರ್ಗದರ್ಶಕನಿಗೆ ವಿವೇಕವನ್ನು ಒಪ್ಪಿಸುವದು ದಾಸ್ಯವಲ್ಲವೇ?” ಮೊದಲನೆಯ ಮಾತಿಗೆ ಹಗ್ಗವೇ ಉತ್ತರ ಹೇಳುವದು. ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಮೂವರಲ್ಲಿ ಒಬ್ಬನ ಜಾರುವಿಕೆಯು ಮೂವರದು. ಅವನು ಕುಸಿದುಬಿದ್ದರೆ ಹೊತ್ತು ಇಳಿಸುವ ಹೆಗಲುಗಳು ಬೇರೆಯವರವು. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರಪಾತದಲ್ಲಿ ಬರ್ಫದ ರಾಶಿ ಕುಸಿದು ಸತ್ತ 16 ಜನರೂ ನೇಪಾಳದವರು, ಪರರ ಆರೋಹಣಕ್ಕಾಗಿ ದುಡಿಯುತ್ತಿದ್ದವರು. ಏರುವವನು ಜನ್ಮಕ್ಕೊಮ್ಮೆ ದಾಟುವ ಎಡೆಯನ್ನು ಅವರು ಒಂದೇ ಹಂಗಾಮಿನಲ್ಲಿ ಹಲವು ಸಲ ದಾಟುವರು. ಸಿಯಾಚೆನ್ನಿನಲ್ಲಿ ನಿಲ್ಲುವ ಸೈನಿಕನನ್ನು ದೇಶವು ಕಳಿಸಿರುವದು. 2016ರಲ್ಲಿ ಆರು ದಿನ ಹಿಮದಡಿಯಲ್ಲಿದ್ದು, ಜೀವಂತನಾಗಿ ಸಿಕ್ಕು, ಆಮೇಲೆ ತೀರಿಕೊಂಡ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ಈ ಸೀಮೆ ಮರೆತಿಲ್ಲ. ಆರೋಹಿಯನ್ನು ಯಾರೂ ಕಳಿಸಿಲ್ಲ. ಕರೆಯದೆ ಹೋದವನು ಅಲ್ಲಿ ಇತರರ ಪ್ರಾಣವನ್ನು ತನ್ನ ಇಚ್ಛೆಯ ಖರ್ಚಿನಲ್ಲಿ ಬರೆಯಲಾರ.

ಎರಡನೆಯ ಮಾತು ಇನ್ನೂ ಗಟ್ಟಿಯಾದುದು, ಅದನ್ನು ತಳ್ಳಿಹಾಕುವಂತಿಲ್ಲ. ವಿವೇಕವನ್ನು ಒಪ್ಪಿಸಿಬಿಡುವದು ಯಾವ ಕಾಲಕ್ಕೂ ಅಪಾಯಕರ. ಗುರುವೆಂದು ನಂಬಿ ಕೆಟ್ಟವರ ಕಥೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಇಲ್ಲಿ ವಿವೇಕವು ಕೆಲಸ ಮಾಡಬೇಕಾದ ಹೊತ್ತು ಬೇರೆ. ಆರಿಸುವಾಗ ಎಷ್ಟು ಬೇಕಾದರೂ ಸಂಶಯಪಡಬಹುದು, ಪಡಲೇಬೇಕು. ಡಾರ್ಜಿಲಿಂಗದಲ್ಲಿ 1954ರಲ್ಲಿ ಸ್ಥಾಪಿತವಾದ, ತೇನ್ಸಿಂಗನು ಕಲಿಸಿದ ಸಂಸ್ಥೆಯುಂಟು, ಉತ್ತರಕಾಶಿಯಲ್ಲಿ 1965ರಿಂದ ನಡೆದ ಸಂಸ್ಥೆಯುಂಟು. ಮಾರ್ಗದರ್ಶಕನು ಎಲ್ಲಿ ಕಲಿತನು, ಎಷ್ಟು ಜನರಿಗೆ ಒಬ್ಬನಿರುವನು, ಬೇನೆಬಿದ್ದವನನ್ನು ಇಳಿಸುವ ಏರ್ಪಾಡು ಏನು ಎಂದು ಕೇಳಬೇಕು. ಎಲ್ಲರೂ ಕೇಳುವ ಪ್ರಶ್ನೆ “ಎಷ್ಟು ಜನರನ್ನು ಶಿಖರ ಮುಟ್ಟಿಸಿದಿರಿ?” ಎಂಬದು. ಅದನ್ನು ಬಿಟ್ಟು “ಎಷ್ಟು ಸಲ ಶಿಖರದ ಕೆಳಗಿನಿಂದ ಮರಳಿದಿರಿ?” ಎಂದು ಕೇಳಿದರೆ ಮನುಷ್ಯನು ತಿಳಿಯುವನು. ಒಮ್ಮೆಯೂ ಮರಳಿಲ್ಲವೆಂದು ಹೆಮ್ಮೆಪಡುವವನಿಗೆ ನಮಸ್ಕಾರ ಹೇಳಿ ಬೇರೆಯವನನ್ನು ಹುಡುಕಬೇಕು. ಮುಂದುವರಿಸುವ ಅಪ್ಪಣೆಗೂ ಹಿಂದಿರುಗಿಸುವ ಅಪ್ಪಣೆಗೂ ಭೇದವುಂಟೆಂಬದನ್ನೂ ಇಲ್ಲಿ ಗಮನಿಸಬೇಕು. ಮಾರ್ಗದರ್ಶಕನು ಏರೆಂದಾಗ ಒಲ್ಲೆನೆನ್ನುವ ಸ್ವಾತಂತ್ರ್ಯವು ಏರುವವನಿಗೆ ಕೊನೆಯವರೆಗೂ ಇರುವದು; ಅವನು ಇಳಿಯೆಂದಾಗ ಒಲ್ಲೆನೆನ್ನುವ ಸ್ವಾತಂತ್ರ್ಯವೊಂದನ್ನೇ ಕೆಳಗೆ ಬಿಟ್ಟುಕೊಡಬೇಕಾದುದು. ಇದು ದಾಸ್ಯವಾದರೆ, ಅಂಬಿಗನ ಮಾತು ಕೇಳಿ ದಂಡೆಯ ಮೇಲೆ ಕೂತವನೂ ದಾಸನೇ.

ಉಳಿದುದು ಊರಿನವರ ಪಾಲು. ದಾಕ್ಷಿಣ್ಯವು ಶಿಖರದ ಕೆಳಗೆ ಹುಟ್ಟುವದಿಲ್ಲ. ಅದರ ಬೀಜವು ಊರಿನಲ್ಲಿಯೇ ಬಿದ್ದಿರುವದು. ತರುಣನು ಹೊರಡುವ ಮೊದಲೇ ಅವನಿಗೆ ಶಾಲು ಹೊದಿಸುವರು, ಚೌಕದಲ್ಲಿ ಅವನ ಚಿತ್ರವಿರುವ ಫಲಕ ಕಟ್ಟುವರು, ಸಂಘದವರು ಧ್ವಜವನ್ನು ಕೈಗಿತ್ತು ಶಿಖರದ ಮೇಲೆ ಬಿಡಿಸಿ ಹಿಡಿಯೆಂದು ಹೇಳುವರು, ಖರ್ಚಿಗೆ ಸಹಾಯ ಮಾಡಿದವರ ಹೆಸರನ್ನು ಭಾಷಣದಲ್ಲಿ ಓದುವರು. ಇಷ್ಟೆಲ್ಲ ಪ್ರೀತಿಯಿಂದಲೇ ನಡೆಯುವದು. ಆದರೆ ಈ ಹಾರಗಳ ಭಾರವು ಬೆನ್ನಿನ ಚೀಲದ ಭಾರಕ್ಕೆ ಸೇರಿ ಐದು ಸಾವಿರ ಮೀಟರಿನ ಮೇಲೆ ತೂಗುವದು. ಅಲ್ಲಿ ಮಾರ್ಗದರ್ಶಕನು ಗಡಿಯಾರ ನೋಡಿ ತಲೆಯಲ್ಲಾಡಿಸಿದಾಗ ತರುಣನ ಕಣ್ಣಮುಂದೆ ನಿಲ್ಲುವದು ಚೌಕದ ಫಲಕ. ಶಾಲನ್ನು ಬಂದ ಮೇಲೆ ಹೊದಿಸಬಹುದು. ಅದು ಅಷ್ಟರಲ್ಲಿ ಹಳತಾಗುವದಿಲ್ಲ. ಶಿಖರ ಮುಟ್ಟದೆ ಬಂದರೂ ಅದೇ ಶಾಲನ್ನು ಹೊದಿಸುವೆವೆಂದು ಸಂಘದವರು ಹೊರಡುವ ಮೊದಲೇ ಹೇಳಿಬಿಟ್ಟರೆ, ಯಾವ ಬೂಟಿಗಿಂತಲೂ ಒಳ್ಳೆಯ ಉಪಕರಣವನ್ನು ಕೊಟ್ಟಂತಾಗುವದು. ಮನೆಯವರೂ ಹೀಗೆಯೇ ಹೇಳಬಹುದು, ಅದರಲ್ಲಿಯೂ ತಂದೆ. ತಾಯಂದಿರು ಸಾಮಾನ್ಯವಾಗಿ ಹೇಳಿಯೇ ಇರುವರು. ಅವನು ಚಿಕ್ಕೋಡಿಯ ಬಸ್ಸಿನಿಂದ ಇಳಿದಾಗ ಕೇಳುವ ಮೊದಲ ಪ್ರಶ್ನೆಯನ್ನು ಊರಿನವರು ಈಗಲೇ ಯೋಚಿಸಿ ಇಟ್ಟುಕೊಳ್ಳಲಿ. “ತುದಿ ಮುಟ್ಟಿದಿಯೋ?” ಎಂಬದನ್ನು ಆಮೇಲೆ ಕೇಳಬಹುದು, ಸಂಗಡ ಹೋದವರೆಲ್ಲ ಬಂದರೇ, ಹಗ್ಗ ಹಿಡಿದವನ ಹೆಸರೇನು, ಅವನಿಗೆ ಮಕ್ಕಳೆಷ್ಟು ಎಂದು ಮೊದಲು ಕೇಳಲು ಅಡ್ಡಿಯೇನಿಲ್ಲ.